ಹದಿಹರೆಯದ ಹುಡುಗನ ದಿನಬಳಕೆಯ ಬಟ್ಟೆ: ಕರಾವಳಿಯ ಮಳೆ, ಸೆಕೆಗೆ ಯಾವುದು ಆದೀತು?

ಮಂಗಳೂರು, ಉಡುಪಿಯಲ್ಲಿ 13ರಿಂದ 16ರ ಹುಡುಗನಿಗೆ ಬಟ್ಟೆ ತೆಗೆಯುವಾಗ ಬಣ್ಣ, ಬೆಲೆಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಒಂದುಂಟು. ರಾತ್ರಿ ಒಗೆದು ಒಳಗಿನ ಹಗ್ಗಕ್ಕೆ ಹಾಕಿದ್ದು ಬೆಳಿಗ್ಗೆ ಏಳೂವರೆಗೆ ಮೈಗೆ ಹಾಕುವಂತೆ ಇರುತ್ತದೆಯೇ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದಕ್ಕೆ ಉತ್ತರ ಸಿಗದ ಬಟ್ಟೆ ಎಷ್ಟು ಚೆಂದ ಇದ್ದರೂ ಕಪಾಟಿನಲ್ಲೇ ಬೂಸ್ಟು ಹಿಡಿಯುತ್ತದೆ. ಒಣಗಲು ಬೇಕೆಂದು ಇಲ್ಲಿ ಹೇಳಿದ ಗಂಟೆಗಳೆಲ್ಲ ಆಟಿ ತಿಂಗಳಿನವು (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ). ಒಂದೇ ಬಕೆಟ್‌ನಲ್ಲಿ ಒಗೆದು, ಮೆಷಿನ್‌ನಲ್ಲಿ ಹಿಂಡಿ, ಫ್ಯಾನ್ ಕೆಳಗೆ ಹರವಿ ನೋಡಿದ ಅಂದಾಜು.

ಮೊದಲು ಟೀ ಶರ್ಟ್. ಲೇಬಲ್‌ನಲ್ಲಿ ಬರೆಯುವ ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಬಟ್ಟೆಯ ತೂಕ, ಗ್ರಾಂ ಲೆಕ್ಕದಲ್ಲಿ. 180 ಜಿಎಸ್‌ಎಂನ ಶುದ್ಧ ಹತ್ತಿಯದು ಒಣಗಲು ಎಂಟರಿಂದ ಹತ್ತು ಗಂಟೆ ಬೇಕು. ಮೈ ಭಾಗ ಬೇಗ ಒಣಗಿದರೂ ಕುತ್ತಿಗೆಯ ಪಟ್ಟಿ ಮತ್ತು ಕಂಕುಳಿನ ಹೊಲಿಗೆ ಕೊನೆಗೆ ಉಳಿಯುತ್ತವೆ. ಒಣಗಿದೆಯೋ ಇಲ್ಲವೋ ಎಂದು ಅಂಗೈಯಿಂದ ಮುಟ್ಟಿದರೆ ತಿಳಿಯುವುದಿಲ್ಲ. ಕುತ್ತಿಗೆಯ ಪಟ್ಟಿಯನ್ನು ಕೆನ್ನೆಗೆ ಒತ್ತಿ ನೋಡಿ, ತಣ್ಣಗಿದ್ದರೆ ಒಳಗೆ ನೀರಿದೆ. ಸಾಧಾರಣ ಹವೆಯಲ್ಲೇ ಹತ್ತಿ ತನ್ನ ತೂಕದ ಸುಮಾರು 8.5% ತೇವ ಹೀರಿಕೊಂಡಿರುತ್ತದೆ, ಪಾಲಿಯೆಸ್ಟರ್ ಹೀರುವುದು 0.4% ಮಾತ್ರ. ಮಳೆಗಾಲದ ಗಾಳಿಯಲ್ಲಿ ಹತ್ತಿಯ ತೇವ ಇನ್ನೂ ಹೆಚ್ಚು. ಜುಲೈಯಲ್ಲಿ ಹತ್ತಿ ಬಟ್ಟೆ ಗರಿಗರಿ ಆಗದಿರಲು ಇದೇ ಕಾರಣ. ಆದರೆ ಏಪ್ರಿಲ್‌ನ ಸೆಕೆಗೆ ಬೆವರು ಹೀರುವ ಇದರ ಸುಖ ಬೇರೆ ಯಾವುದರಲ್ಲೂ ಇಲ್ಲ. 150ಕ್ಕಿಂತ ತೆಳುವಾದದ್ದು ಬೇಡ, ಬೆವರಿದರೆ ಬೆನ್ನು ಕಾಣುತ್ತದೆ, ಕುತ್ತಿಗೆ ಬೇಗ ಜೋಲುತ್ತದೆ.

ಈಗ ಹುಡುಗರು ಕೇಳುವುದು 240 ಜಿಎಸ್‌ಎಂನ ದಪ್ಪ ಓವರ್‌ಸೈಜ್. ಮಳೆಗಾಲದಲ್ಲಿ ಇದು ಒಂದು ದಿನದಲ್ಲಿ ಒಣಗುವುದಿಲ್ಲ. ಎರಡನೇ ದಿನ ಮುಗ್ಗಲು ವಾಸನೆ, ವಾರದೊಳಗೆ ಕಂಕುಳಲ್ಲಿ ಕರಿ ಚುಕ್ಕೆ. ಚುಕ್ಕೆ ಹತ್ತಿಯ ಎಳೆಯೊಳಗೆ ಇಳಿದ ಮೇಲೆ ಸೋಪಿಗೆ ಹೋಗುವುದಿಲ್ಲ. ಹಾಗೆಂದು ಹುಡುಗನ ಜತೆ ಜಗಳ ಬೇಡ. ಭುಜ ಇಳಿಬಿದ್ದಂತೆ ಕಾಣುವುದು ಮುಖ್ಯವಾಗಿ ಕತ್ತರಿಸಿದ ಅಳತೆಯಿಂದ, ಬಟ್ಟೆಯ ದಪ್ಪದಿಂದಲ್ಲ. ಅದೇ ಓವರ್‌ಸೈಜ್ ಅನ್ನು 180–200ರಲ್ಲಿ ತೆಗೆದರೆ ಅವನಿಗೂ ಖುಷಿ, ಹಗ್ಗಕ್ಕೂ ಹಗುರ.

ಪಾಲಿಯೆಸ್ಟರ್ ಡ್ರೈ-ಫಿಟ್, ಅಂದರೆ ಆಟಕ್ಕೆ ಹಾಕುವ ಟೀ ಶರ್ಟ್, ಮೂರು ಗಂಟೆಯಲ್ಲಿ ಒಣಗುತ್ತದೆ. ಒಣಗುವುದರಲ್ಲಿ ಇದನ್ನು ಮೀರಿಸಿದ್ದು ಇಲ್ಲ. ನೆಹರೂ ಮೈದಾನದಲ್ಲಿ ಫುಟ್ಬಾಲ್ ಆಡಲು ಸರಿ, ಇಡೀ ದಿನ ತರಗತಿಯಲ್ಲಿ ಕೂರಲು ಅಲ್ಲ. ಬೆವರಿನ ನೀರು ಹಾರಿದರೂ ಮೈಯ ಎಣ್ಣೆಯಂಶ ಎಳೆಗೆ ಅಂಟಿ ಕೂರುತ್ತದೆ. ಒಗೆದಾಗ ಏನೂ ಇಲ್ಲದಂತೆ ಇದ್ದು, ಹಾಕಿ ಅರ್ಧ ಗಂಟೆ ಮೈ ಬಿಸಿಯಾದ ಕೂಡಲೇ ಹಳೇ ವಾಸನೆ ಏಳುತ್ತದೆ. ಒಳಮಗ್ಗುಲು ತಿರುಗಿಸಿ, ಬಕೆಟ್ ನೀರಿಗೆ ಒಂದು ಚಮಚ ವಾಷಿಂಗ್ ಸೋಡಾ ಹಾಕಿ ಅರ್ಧ ಗಂಟೆ ನೆನೆಸಿ. ಪರಿಮಳದ ಕಂಡೀಷನರ್ ಬೇಡವೇ ಬೇಡ. ಅದು ಎಳೆಯ ಮೇಲೆ ಪದರವಾಗಿ ನಿಂತು ಬೆವರು ಹರಡದಂತೆ ತಡೆಯುತ್ತದೆ.

ಹತ್ತಿ 60, ಪಾಲಿಯೆಸ್ಟರ್ 40ರ ಮಿಶ್ರಣ ಐದಾರು ಗಂಟೆಗೆ ಒಣಗುತ್ತದೆ, ರಾತ್ರಿ ಒಗೆದರೆ ಬೆಳಿಗ್ಗೆಗೆ ಸಿದ್ಧ. ಇದರ ದೋಷವೆಂದರೆ ಬ್ಯಾಗಿನ ಪಟ್ಟಿ ಉಜ್ಜುವ ಭುಜದಲ್ಲಿ ಏಳುವ ಸಣ್ಣ ಸಣ್ಣ ಗುಳ್ಳೆ. ನೋಡಲು ಬೇಸರ, ಆದರೆ ಬಟ್ಟೆ ಹರಿಯುವುದಿಲ್ಲ. ನಮ್ಮ ಆಯ್ಕೆ: ಮಳೆಗಾಲಕ್ಕೆ ಮಿಶ್ರಣದ್ದು ನಾಲ್ಕು, ಉಳಿದ ಕಾಲಕ್ಕೆ 180ರ ಹತ್ತಿಯದ್ದು ನಾಲ್ಕು, ಆಟಕ್ಕೆ ಡ್ರೈ-ಫಿಟ್ ಎರಡು.

ಅಂಗಡಿಯಲ್ಲಿ "ಬಯೋ-ವಾಶ್ ಆಗಿದೆ, ಕುಗ್ಗುವುದಿಲ್ಲ" ಎಂದರೆ ಒಪ್ಪಬೇಡಿ. ಬಯೋ-ವಾಶ್ ಅಂದರೆ ಮೇಲಿನ ಜುಂಗನ್ನು ಕಿಣ್ವದಿಂದ ತೆಗೆದದ್ದು ಅಷ್ಟೇ. ಕುಗ್ಗದಿರಲು ಬೇಕಾದದ್ದು ಪ್ರೀ-ಶ್ರಂಕ್, ಅಂದರೆ ಮಾರುವ ಮೊದಲೇ ಬಟ್ಟೆಯನ್ನು ಕುಗ್ಗಿಸಿಡುವುದು. ಅದಾಗದ ಹತ್ತಿ ಹೆಣಿಗೆ 5% ಕುಗ್ಗಿದರೂ 28 ಇಂಚು ಉದ್ದದಲ್ಲಿ ಸುಮಾರು ಒಂದೂವರೆ ಇಂಚು ಹೋಯಿತು. ಬೆಳೆಯುವ ಹುಡುಗನಿಗೆ ಅದು ಆರು ತಿಂಗಳ ಆಯುಷ್ಯ. ಟೀ ಶರ್ಟನ್ನು ಮೇಜಿನ ಮೇಲೆ ಹಾಸಿ ಪಕ್ಕದ ಹೊಲಿಗೆಯನ್ನೂ ನೋಡಿ. ಹೊಸತರಲ್ಲೇ ಅದು ಹೊಟ್ಟೆಯ ಕಡೆ ತಿರುಗಿದ್ದರೆ ಒಗೆದಂತೆಲ್ಲ ಇನ್ನಷ್ಟು ತಿರುಚುತ್ತದೆ.

ಶರ್ಟಿನ ಮಾತು ಸಣ್ಣದು. ಅಚ್ಚಿನ ರೇಯಾನ್ ಶರ್ಟು ಸೆಕೆಗೆ ತಂಪು, ಆದರೆ ಒದ್ದೆಯಾದಾಗ ರೇಯಾನ್‌ಗೆ ಬಲ ಕಡಿಮೆ. ಕಲ್ಲಿಗೆ ಬಡಿದು ಒಗೆದರೆ ಹೊಲಿಗೆಯ ಬಳಿ ಬಿಡುತ್ತದೆ. ತೆಳು ಹತ್ತಿಯದೇ ಮೇಲು.

ಪ್ಯಾಂಟಿನಲ್ಲಿ ತಪ್ಪಿದರೆ ಮೈಗೇ ತೊಂದರೆ. 12 ಔನ್ಸಿನ (ಒಂದು ಚದರ ಗಜ ಬಟ್ಟೆಯ ತೂಕ) ಜೀನ್ಸ್ ಮಳೆಗಾಲದಲ್ಲಿ ಎರಡು ದಿನ ತೆಗೆದುಕೊಳ್ಳುತ್ತದೆ, ಸೊಂಟದ ಪಟ್ಟಿ ಮತ್ತು ಜೇಬಿನ ಒಳಚೀಲ ಇನ್ನೂ ನಿಧಾನ. ಅರೆಬರೆ ಒಣಗಿದ ಬಿಗಿ ಜೀನ್ಸ್ ಹಾಕಿ ಬಸ್ಸಿನಲ್ಲಿ ಕೂತರೆ ತೊಡೆಸಂದಿಯಲ್ಲಿ ಹುಳುಕಡ್ಡಿ ಶುರುವಾಗಲು ಹೆಚ್ಚು ದಿನ ಬೇಡ. ಹುಡುಗರು ನಾಚಿಕೆಯಿಂದ ಹೇಳುವುದೂ ಇಲ್ಲ. ವರ್ಷಕ್ಕೆ ಒಂದೇ ಜೀನ್ಸ್ ಸಾಕು, ಅದೂ 10 ಔನ್ಸಿನ ಹಗುರದ್ದು. ಜೇಬುಗಳನ್ನು ಹೊರಗೆ ಎಳೆದು, ಸೊಂಟ ಮೇಲಾಗಿ ತೆರೆದಿಟ್ಟು ಒಣಗಿಸಿ. ಹಿಗ್ಗುವ ಜೀನ್ಸಿಗೆ ಬಿಸಿನೀರು ಬೇಡ, ಮೊಣಕಾಲು ಜೋಲು ಬೀಳುತ್ತದೆ.

ಕಾರ್ಗೋ ಪ್ಯಾಂಟ್ ಜೀನ್ಸಿಗಿಂತ ತೆಳುವಾದರೂ ಆರು ಜೇಬಿನ ಇಮ್ಮಡಿ ಬಟ್ಟೆಯಿಂದ ಒಣಗುವಲ್ಲಿ ಅದರ ಹತ್ತಿರವೇ ನಿಲ್ಲುತ್ತದೆ. ಟ್ರ್ಯಾಕ್ ಪ್ಯಾಂಟ್ ನಾಲ್ಕು ಗಂಟೆಗೆ ಒಣಗುತ್ತದೆ, ಕೆಸರು ಬೇಗ ಬಿಡುತ್ತದೆ, ಮನೆಗೂ ಟ್ಯೂಷನ್‌ಗೂ ಆಯಿತು. ಆದರೆ ಪಾಲಿಯೆಸ್ಟರ್ 65, ವಿಸ್ಕೋಸ್ (ರೇಯಾನ್‌ನ ಒಂದು ಬಗೆ) 35ರ ಬಟ್ಟೆ ತೆಗೆದು ಟೈಲರ್ ಹತ್ತಿರ ಹೊಲಿಸಿದ ಸಾದಾ ಪ್ಯಾಂಟಿನಷ್ಟು ಕೆಲಸಕ್ಕೆ ಬರುವುದು ಬೇರೆ ಇಲ್ಲ. ರಾತ್ರಿಯೊಳಗೆ ಒಣಗುತ್ತದೆ, ಇಸ್ತ್ರಿ ನಿಲ್ಲುತ್ತದೆ. "ಅಮ್ಮಾ, ಇದು ಮಾಷ್ಟ್ರ ಪ್ಯಾಂಟಿನ ಹಾಗೆ ಉಂಟು" ಎಂಬ ತಕರಾರು ಬಂದರೆ ಕಾಲಿನ ಅಗಲವನ್ನು ಅವನೇ ಹೇಳಲಿ.

ಮುರಕಲ್ಲಿನ ಕೆಂಪು ಮಣ್ಣು ಹಾರಿದರೆ ಒದ್ದೆಯಲ್ಲಿ ಉಜ್ಜಬೇಡಿ, ಒಳಗೆ ಇಳಿಯುತ್ತದೆ. ಪೂರ್ತಿ ಒಣಗಲಿ, ಬ್ರಷ್‌ನಿಂದ ಉದುರಿಸಿ, ಆಮೇಲೆ ಒಗೆಯಿರಿ. ಆ ಬಣ್ಣ ಕಬ್ಬಿಣದ್ದು, ಬ್ಲೀಚಿಗೆ ಜಗ್ಗುವುದಿಲ್ಲ. ಬಿಳಿ ಬಟ್ಟೆಯಾದರೆ ಲಿಂಬೆರಸ, ಉಪ್ಪು ಹಚ್ಚಿ ಒಂದು ಗಂಟೆ ಇಡಬಹುದು. ತುರ್ತಿಗೆ ಒದ್ದೆ ಬಟ್ಟೆಯನ್ನು ಒಣ ಬೈರಾಸಿನ (ಟವೆಲ್) ಮೇಲೆ ಹಾಸಿ, ಚಾಪೆಯಂತೆ ಸುತ್ತಿ, ಎರಡು ತುದಿ ಹಿಡಿದು ಹಿಂಡಿ. ಬೈರಾಸು ನೀರು ಕುಡಿಯುತ್ತದೆ, ಒಣಗುವ ಸಮಯ ಚೆನ್ನಾಗಿ ಉಳಿಯುತ್ತದೆ.

ಒಳಚಡ್ಡಿ ಮಾತ್ರ ಹತ್ತಿಯದೇ ಇರಲಿ, ಎಂಟು ಇರಲಿ. ಒದ್ದೆಯದನ್ನು ಹಾಕಿ ಕಳಿಸುವ ಪ್ರಸಂಗವೇ ಬರಬಾರದು.

ಅಳತೆಯ ವಿಷಯ. ಹುಡುಗರು ಭರದಿಂದ ಬೆಳೆಯುವ ವರ್ಷದಲ್ಲಿ 8ರಿಂದ 10 ಸೆಂ.ಮೀ. ಏರುತ್ತಾರೆ, ಕಾಲು ಮೊದಲು ಉದ್ದವಾಗುತ್ತದೆ. ಆದ್ದರಿಂದ ಸೊಂಟ ದೊಡ್ಡದು ತೆಗೆದು ಬೆಲ್ಟಿನಲ್ಲಿ ಮುದ್ದೆ ಮಾಡುವ ಬದಲು, ಸೊಂಟ ಸರಿಯಾಗಿಟ್ಟು ಟೈಲರ್ ಹತ್ತಿರ ಕೆಳಗೆ ಮೂರು ಇಂಚು ಮಡಿಕೆ, ಹಿಂದಿನ ಹೊಲಿಗೆಯಲ್ಲಿ ಒಂದೂವರೆ ಇಂಚು ಬಟ್ಟೆ ಬಿಡಿಸಿ. ರೆಡಿಮೇಡ್‌ನಲ್ಲಿ ಸಾಮಾನ್ಯವಾಗಿ ಅಷ್ಟು ಇರುವುದಿಲ್ಲ. ಮಡಿಕೆ ಬಿಚ್ಚಿದಾಗ ಜೀನ್ಸಿನ ಬಿಳಿ ಗೆರೆ ಹೋಗುವುದಿಲ್ಲ. ಹೊಲಿಸಿದ ಪ್ಯಾಂಟಿನ ಗೆರೆಗಾದರೆ ನೀರು, ವಿನೆಗರ್ ಸಮ ಬೆರೆಸಿ ಅದ್ದಿದ ತೆಳು ಬಟ್ಟೆಯನ್ನು ಮೇಲಿಟ್ಟು ಎರಡು ಸಲ ಇಸ್ತ್ರಿ ಒತ್ತಿದರೆ ಹೆಚ್ಚುಕಮ್ಮಿ ಮಾಯವಾಗುತ್ತದೆ.