ಬಿಪಿ ಮಾತ್ರೆ ಬಿಡಿಸ್ತೀವಿ ಅನ್ನೋರನ್ನು ನಂಬಬೇಡಿ. ನಾನು ನಂಬಿದೆ, ಅಮ್ಮನಿಗೆ ಸ್ಟ್ರೋಕ್ ಆಯಿತು

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದೂ ಇದೆ. ಬಿಪಿ ಮಾತ್ರೆ ಬಿಡಿಸ್ತೀವಿ ಅನ್ನೋ ಒಂದು ಕೋರ್ಸಿಗೆ ಅಮ್ಮನನ್ನು ಸೇರಿಸಿದ್ದು ನಾನೇ. ದುಡ್ಡು ಕಟ್ಟಿದ್ದು ನಾನೇ. ಅವಳು ಬೇಡ ಬೇಡ ಅಂದಿದ್ದಳು. ಇದನ್ನು ಬರೆಯೋಕೆ ಎರಡು ತಿಂಗಳು ಬೇಕಾಯಿತು. "ಇಷ್ಟು ಓದಿದವನು ಇಂಥದ್ದಕ್ಕೆ ಬಿದ್ದನಾ" ಅಂತ ನಗ್ತೀರಿ ಅನ್ನೋ ನಾಚಿಕೆ. ನಗಿ, ಪರವಾಗಿಲ್ಲ. ಆದರೆ ಪೂರ್ತಿ ಓದಿ.

ಇಂಥ ಕೋರ್ಸುಗಳು ಹೇಗಿರುತ್ತವೆ ಅಂತ ನಿಮಗೆಲ್ಲ ಗೊತ್ತೇ ಇದೆ. "90 ದಿನದಲ್ಲಿ ಮಾತ್ರೆಗಳಿಂದ ಮುಕ್ತಿ." ಮೊದಲು ಒಂದು ಉಚಿತ ಕ್ಲಾಸು. ಆಮೇಲೆ ಗ್ರೂಪು. ಗ್ರೂಪಿನಲ್ಲಿ ದಿನಾ ಬೆಳಿಗ್ಗೆ ಯಾರೋ ಮಾತ್ರೆ ಬಿಟ್ಟ ಕಥೆ. ಆಮೇಲೆ "ಇನ್ನು ಮೂರೇ ಜನಕ್ಕೆ ಜಾಗ ಇದೆ". ಅಮ್ಮನಿಗೆ 64 ವರ್ಷ. 11 ವರ್ಷದಿಂದ ದಿನಕ್ಕೊಂದು ಬಿಪಿ ಮಾತ್ರೆ. ಬೇರೆ ಯಾವ ತೊಂದರೆಯೂ ಇರಲಿಲ್ಲ. ಅದನ್ನೇ ಅವರು ಹಿಡಿದುಕೊಂಡರು. "ತಲೆನೋವಿಲ್ಲ, ಸುಸ್ತಿಲ್ಲ, ಮತ್ಯಾಕೆ ಸರ್ ಜೀವನಪೂರ್ತಿ ಮಾತ್ರೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಇದೆ. ಬಿಪಿ ಏರಿದರೆ ಹೆಚ್ಚಿನವರಿಗೆ ಗೊತ್ತೇ ಆಗುವುದಿಲ್ಲ. ಅದು ಒಳಗೊಳಗೇ ರಕ್ತನಾಳದ ಗೋಡೆ ಕೆಡಿಸುತ್ತಾ ಕೂತಿರುತ್ತದೆ. ಲಕ್ವ, ಪಾರ್ಶ್ವವಾಯು, ಸ್ಟ್ರೋಕ್, ಏನಾದರೂ ಕರೆಯಿರಿ, ಅದರ ಕಾರಣಗಳಲ್ಲಿ ಬಿಪಿಯೇ ಮೊದಲನೆಯದು. ಸಿಗರೇಟು, ಶುಗರ್, ಕೊಲೆಸ್ಟರಾಲ್, ಎದೆಬಡಿತದ ಏರುಪೇರು ಎಲ್ಲ ಅದರ ಹಿಂದೆ ಬರುತ್ತವೆ. ತೊಂದರೆ ಇಲ್ಲ ಅಂದರೆ ಮಾತ್ರೆ ಬೇಡ ಅಂತ ಅರ್ಥ ಅಲ್ಲ, ಮಾತ್ರೆ ಕೆಲಸ ಮಾಡ್ತಾ ಇರಬಹುದು ಅಂತ ಅರ್ಥ. ಇಷ್ಟು ಸರಳ ವಿಷಯ ನನಗೆ ಹೊಳೆಯಲಿಲ್ಲ.

ಸೇರಿದ ದಿನ ಅವರ ಮೆಂಟರ್ ಫೋನ್ ಮಾಡಿದರು. "ಅಮ್ಮನ ಮಾತ್ರೆ ಇವತ್ತೇ ನಿಲ್ಲಿಸಿ. ಮಾತ್ರೆ ಒಳಗೆ ಹೋಗ್ತಾ ಇದ್ದರೆ ನಮ್ಮ ಕೋರ್ಸ್ ಕೆಲಸ ಮಾಡಲ್ಲ." ಇದನ್ನು ಹೇಳಿದ್ದು ಫೋನಿನಲ್ಲಿ. ನೆನಪಿಟ್ಟುಕೊಳ್ಳಿ, ಫೋನಿನಲ್ಲಿ.

ನಾಲ್ಕನೇ ದಿನ ಬಿಪಿ ನೋಡಿದೆವು. 128/80. ನಾನು ಕುಣಿದುಬಿಟ್ಟೆ. ಮೆಶಿನ್ ಪಕ್ಕ ಅಮ್ಮನನ್ನು ಕೂರಿಸಿ ಫೋಟೋ ತೆಗೆದು ಕಳಿಸಿದೆ. ಅವರು ಅದನ್ನು ಗ್ರೂಪಿಗೂ ಹಾಕಿದರು, ತಮ್ಮ ಪೇಜಿಗೂ ಹಾಕಿದರು. ಕೆಲವು ಬಿಪಿ ಮಾತ್ರೆಗಳ ಪರಿಣಾಮ ನಿಲ್ಲಿಸಿದ ಮೇಲೂ ಕೆಲವು ದಿನ ಮೈಯಲ್ಲಿ ಉಳಿದಿರುತ್ತದೆ ಅಂತ ಆಮೇಲೆ ಡಾಕ್ಟರ್ ಹೇಳಿದರು. ಅಂದರೆ ಆ 128 ಕೋರ್ಸಿನದ್ದಲ್ಲ, ಹಳೇ ಮಾತ್ರೆಯದ್ದು! ಎರಡು ವಾರ ಆದ ಮೇಲೆ ನೋಡಿದಾಗ 150 ದಾಟಿತ್ತು. ಕೇಳಿದರೆ ಏನು ಹೇಳಿದರು ಗೊತ್ತಾ? "ದಿನಾ ನೋಡಬೇಡಿ ಸರ್, ನೋಡಿದ ಗಾಬರಿಗೇ ಏರುತ್ತೆ. ಮೆಶಿನ್ ಎತ್ತಿಡಿ." ಎತ್ತಿಟ್ಟೆ. ಕಪಾಟಿನ ಮೇಲೆ ನಾನೇ, ಈ ಕೈಯಿಂದಲೇ ಎತ್ತಿಟ್ಟೆ.

61ನೇ ದಿನ, ಗುರುವಾರ. ಅಮ್ಮ ತಲೆ ಬಾಚಿಕೊಳ್ಳುತ್ತಿದ್ದಳು. ಬಾಚಣಿಗೆ ಕೈಯಿಂದ ಜಾರಿ ಬಿತ್ತು. ಎತ್ತಿಕೊಳ್ಳೋಕೆ ಬಗ್ಗಿದಳು, ಬಲಗೈ ಮುಷ್ಟಿ ಆಗಲಿಲ್ಲ. ಏನಾಯ್ತಮ್ಮಾ ಅಂದರೆ "ಆ ಕಿಟಕಿ ಕೊಡು" ಅಂದಳು. ಬಾಚಣಿಗೆಗೆ ಕಿಟಕಿ ಅಂದಳು. ಹದಿನೈದು ನಿಮಿಷಕ್ಕೆ ಎಲ್ಲ ಸರಿ ಹೋಯಿತು. ಅವಳೇ ನಕ್ಕಳು. ನಾನೂ ನಕ್ಕೆ. ಆದರೂ ಮೆಂಟರ್‌ಗೆ ಬರೆದೆ. ಉತ್ತರ ಹಾಗೇ ಕೊಡುತ್ತೇನೆ: "ತುಂಬಾ ಒಳ್ಳೆ ಸುದ್ದಿ ಸರ್! 11 ವರ್ಷದ ಮಾತ್ರೆಯ ವಿಷ ಹೊರಗೆ ಹೋಗ್ತಾ ಇದೆ. ವಾಸಿ ಆಗುವಾಗ ಹೀಗೇ ಆಗೋದು." ಕೊನೆಗೆ ಎರಡು ಕೈಮುಗಿಯುವ ಚಿತ್ರ.

ಒಳ್ಳೆ ಸುದ್ದಿಯಂತೆ. ಅದಕ್ಕೆ ಮಿನಿ ಸ್ಟ್ರೋಕ್ ಅಂತಾರೆ. ಮೆದುಳಿಗೆ ಹೋಗುವ ರಕ್ತ ಸ್ವಲ್ಪ ಹೊತ್ತು ನಿಂತು, ಮತ್ತೆ ತಾನಾಗಿ ಹರಿಯುವುದು. ತಾನಾಗಿ ಸರಿ ಹೋಗುತ್ತಲ್ಲ, ಅದೇ ಮೋಸ. ದೊಡ್ಡದು ಹೊಡೆಯುವ ಅಪಾಯ ಅದಾದ ಮೊದಲ 48 ಗಂಟೆಯಲ್ಲೇ ಅತಿ ಜಾಸ್ತಿ. ಗುರುವಾರವೇ ಆಸ್ಪತ್ರೆಗೆ ಹೋಗಿದ್ದರೆ ಬಿಪಿ ನೋಡುತ್ತಿದ್ದರು, ಸ್ಕ್ಯಾನ್ ಮಾಡುತ್ತಿದ್ದರು, ಮಾತ್ರೆ ಶುರು ಮಾಡುತ್ತಿದ್ದರು. ಗುರುವಾರವೇ ಹೋಗಿದ್ದರೆ. ಇದನ್ನು ಎಷ್ಟು ಸಲ ಹೇಳಿಕೊಂಡಿದ್ದೇನೋ ಲೆಕ್ಕವಿಲ್ಲ.

ಶನಿವಾರ ಬೆಳಿಗ್ಗೆ 11 ಗಂಟೆ 20 ನಿಮಿಷ. ಮತ್ತೆ ಬಲಗೈ. ಈ ಸಲ ಬಾಯಿ ಒಂದು ಕಡೆ ಇಳಿದಿತ್ತು, ಮಾತೇ ಹೊರಡಲಿಲ್ಲ. ನಾನೇನು ಮಾಡಿದೆ? ಮೊನ್ನೆ ಹದಿನೈದು ನಿಮಿಷಕ್ಕೆ ಸರಿ ಹೋಗಿತ್ತಲ್ವಾ, ಇವತ್ತೂ ಹೋಗುತ್ತೆ ಅಂತ ಕಾದೆ. ಮೆಂಟರ್‌ಗೆ ಫೋನ್ ಮಾಡಿದೆ. "ಮಲಗಿಸಿ, ದೀರ್ಘವಾಗಿ ಉಸಿರಾಡಿಸಿ. ಆಸ್ಪತ್ರೆಗೆ ಹೋದರೆ ಮತ್ತೆ ಮಾತ್ರೆ ಹಚ್ಚುತ್ತಾರೆ, 60 ದಿನದ ಶ್ರಮ ನೀರಲ್ಲಿ ಹೋಮ." ಗ್ರೂಪಿನಲ್ಲಿ ಇನ್ಯಾರೋ, ರಕ್ತ ತೆಳು ಮಾಡುವ ಮಾತ್ರೆ ನುಂಗಿಸಿ ಅಂದರು. ಅದೊಂದು ಮಾತ್ರ ಮಾಡಲಿಲ್ಲ. ರಕ್ತನಾಳ ಕಟ್ಟಿಕೊಂಡಿದೆಯೋ ಒಡೆದಿದೆಯೋ ಅಂತ ಸ್ಕ್ಯಾನ್ ಮಾಡದೆ ಯಾರಿಗೂ ತಿಳಿಯುವುದಿಲ್ಲ. ಒಡೆದಿದ್ದರೆ ಆ ಮಾತ್ರೆ ಇನ್ನಷ್ಟು ರಕ್ತ ಸುರಿಸುತ್ತದೆ. ಇದೆಲ್ಲ ನನಗೆ ಆಗ ಗೊತ್ತಿತ್ತು ಅಂದುಕೊಳ್ಳಬೇಡಿ. ಮನೆಯಲ್ಲಿ ಆ ಮಾತ್ರೆ ಇರಲಿಲ್ಲ, ಅಷ್ಟೇ.

ಒಂದೂವರೆ ಗಂಟೆ ಹೀಗೇ ಕಳೆದೆ. ಆಸ್ಪತ್ರೆ ಮುಟ್ಟಿದಾಗ ಪೌಣೇ ಎರಡು. ಡಾಕ್ಟರ್ ಮೊದಲು ಕೇಳಿದ್ದು ಹೆಸರಲ್ಲ, ವಯಸ್ಸಲ್ಲ. "ಕೊನೇ ಸಲ ಪೂರ್ತಿ ಸರಿ ಇದ್ದದ್ದು ಎಷ್ಟು ಹೊತ್ತಿಗೆ?" ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡೋಕೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆ ಮಾತ್ರ ಗಡುವು. ಸ್ಕ್ಯಾನಿನಲ್ಲಿ ರಕ್ತಸ್ರಾವ ಇಲ್ಲ ಅಂತ ಬಂತು. ಅಬ್ಬಾ ಅಂದುಕೊಂಡೆ. ಆದರೆ ಬಿಪಿ 214/118. ಅದು 185/110ರ ಕೆಳಗೆ ಬರುವ ತನಕ ಇಂಜೆಕ್ಷನ್ ಕೊಡುವ ಹಾಗಿಲ್ಲ, ಮೆದುಳಲ್ಲಿ ರಕ್ತ ಸೋರಬಹುದು. ಅರ್ಥ ಆಯಿತಾ? ಮಾತ್ರೆ ಬಿಡಿಸಿದ್ದು ಸ್ಟ್ರೋಕಿಗೂ ದಾರಿ ಮಾಡಿತು, ಅದರ ಔಷಧಿಗೂ ಅಡ್ಡ ಬಂತು. ಬಿಪಿ ಇಳಿಸೋಕೆ ಇನ್ನೂ 50 ನಿಮಿಷ. ದೊಡ್ಡ ರಕ್ತನಾಳ ಕಟ್ಟಿಕೊಂಡರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯುತ್ತವೆ ಅನ್ನುವ ಅಂದಾಜಿದೆ. ನಾನು ಕಾದು ಕೂತ ಒಂದೂವರೆ ಗಂಟೆಗೆ ಎಷ್ಟು ಅಂತ ಗುಣಿಸಿ ನೋಡಿದ್ದೇನೆ. ಇಲ್ಲಿ ಬರೆಯುವುದಿಲ್ಲ.

ಡಾಕ್ಟರ್ ಕೇಳಿದರು, "ಮಾತ್ರೆ ಯಾರು ನಿಲ್ಲಿಸಿದ್ದು?" ನಾನು ಫೋನ್ ತೆಗೆದು ಮೆಂಟರ್ ಮೆಸೇಜು ಹುಡುಕಿದೆ. ತೋರಿಸೋಣ ಅಂತ. ಮೇಲಕ್ಕೆ ಹೋದೆ, ಇನ್ನೂ ಮೇಲಕ್ಕೆ ಹೋದೆ, ಮೊದಲ ದಿನದ ತನಕ ಹೋದೆ. ಎಲ್ಲೂ ಇಲ್ಲ. "ಮಾತ್ರೆ ನಿಲ್ಲಿಸಿ" ಅನ್ನುವ ಒಂದು ಸಾಲೂ ಬರಹದಲ್ಲಿ ಇಲ್ಲ. ಇದ್ದದ್ದು "ನಿಮ್ಮ ದೇಹದ ಮಾತು ಕೇಳಿ", ಆಮೇಲೆ ಸಣ್ಣಕ್ಷರದಲ್ಲಿ "ಔಷಧಿ ಬದಲಿಸುವ ಮುನ್ನ ವೈದ್ಯರನ್ನು ಕೇಳಿ". ನಿಲ್ಲಿಸಿ ಅಂದದ್ದೆಲ್ಲ ಫೋನಿನಲ್ಲಿ. ಆ ಕಾರಿಡಾರಿನಲ್ಲಿ ನಿಂತುಕೊಂಡೇ ನನಗೆ ಗೊತ್ತಾಗಿದ್ದು, ಇವರು ಇದನ್ನು ಮೊದಲ ದಿನದಿಂದಲೇ ಲೆಕ್ಕ ಹಾಕಿ ಮಾಡಿದ್ದಾರೆ ಅಂತ. ಡಾಕ್ಟರ್ ಏನೂ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ವಾರದ ಮೇಲೆ ಅವರಿಗೆ ಬರೆದೆ. ಉತ್ತರ ಒಂದು: "ಮಾತ್ರೆ ನಿಲ್ಲಿಸಲು ನಾವು ಎಲ್ಲೂ ಹೇಳಿಲ್ಲ, ದಯವಿಟ್ಟು ಮೆಸೇಜ್ ನೋಡಿ." ಉತ್ತರ ಎರಡು: "90 ದಿನ ಪೂರ್ತಿ ಮಾಡಿದ್ದರೆ ಹೀಗಾಗುತ್ತಿರಲಿಲ್ಲ, 63ಕ್ಕೇ ಬಿಟ್ಟಿರಿ." ಬಿಟ್ಟೆವಂತೆ! ಐಸಿಯುನಲ್ಲಿ ಮಲಗಿದವಳು ಕೋರ್ಸ್ ಬಿಟ್ಟಳಂತೆ. ದುಡ್ಡು ವಾಪಸ್ ಕೇಳಿದೆ. ಉತ್ತರ ಮೂರು: "ವಾಪಸಾತಿ ಇಲ್ಲ ಸರ್. ಆದರೆ ಉಳಿದ 27 ದಿನವನ್ನು ಮನೆಯ ಬೇರೆ ಸದಸ್ಯರಿಗೆ ವರ್ಗಾಯಿಸಬಹುದು. ತಂದೆಯವರಿಗೆ ಬಿಪಿ ಇದೆಯಾ?" ಮರುದಿನ ನನ್ನನ್ನು ಗ್ರೂಪಿನಿಂದ ತೆಗೆದರು.

ನಾನು ಹೇಳೋದು ಇಷ್ಟೇ. ಮಾತ್ರೆ ಬಿಡುವ ಮಾತು ಬಂದರೆ, ಬರೆದುಕೊಟ್ಟ ಡಾಕ್ಟರನ್ನೇ ಕೇಳಿ. ಯಾರಿಗಾದರೂ ಇದ್ದಕ್ಕಿದ್ದ ಹಾಗೆ ಏನೋ ಆದರೆ ನಗಿಸಿ ನೋಡಿ, ಮುಖ ಸೊಟ್ಟಗಾಗುತ್ತಾ. ಎರಡೂ ಕೈ ಮುಂದೆ ಚಾಚಿಸಿ, ಒಂದು ಕೆಳಗೆ ಜಾರುತ್ತಾ. ಒಂದು ವಾಕ್ಯ ಹೇಳಿಸಿ, ತೊದಲುತ್ತಾ. ಇದ್ದಕ್ಕಿದ್ದಂತೆ ಕಣ್ಣು ಮಂಜಾದರೂ, ನಿಂತಲ್ಲೇ ಬ್ಯಾಲೆನ್ಸ್ ತಪ್ಪಿದರೂ ಅದೇ. ಗಡಿಯಾರ ನೋಡಿಕೊಳ್ಳಿ, ಆಂಬ್ಯುಲೆನ್ಸ್ ಕರೆಯಿರಿ. ನೀರೂ ಕುಡಿಸಬೇಡಿ, ನುಂಗೋಕೆ ಆಗದೆ ಶ್ವಾಸಕೋಶಕ್ಕೆ ಇಳಿಯಬಹುದು. ಸಿಟಿ ಸ್ಕ್ಯಾನ್ ಇರುವ, ಸ್ಟ್ರೋಕ್ ನೋಡುವ ಆಸ್ಪತ್ರೆಗೇ ಹೋಗಿ. ಹದಿನೈದು ನಿಮಿಷಕ್ಕೆ ಸರಿ ಹೋದರೂ ಹೋಗಿ. ಯಾರ ಮೆಸೇಜಿಗೂ ಕಾಯಬೇಡಿ.

ಅಮ್ಮ ಈಗ ನಡೆಯುತ್ತಾಳೆ, ಕೋಲು ಹಿಡಿದು. ಮಾತು ಬಂದಿದೆ, ಪದಗಳು ಅದಲು ಬದಲು. ಬಲಗೈಗೆ ದಿನಾ ಫಿಸಿಯೋಥೆರಪಿ ನಡೆದಿದೆ, ಭುಜದ ಎತ್ತರಕ್ಕೂ ಬಂದಿಲ್ಲ ಇನ್ನೂ. ಆ ನಾಲ್ಕನೇ ದಿನದ ಫೋಟೋ ಮಾತ್ರ ಅವರ ಪೇಜಿನಲ್ಲಿ ಹಾಗೇ ಇದೆ. ತೆಗೆಯಿರಿ ಅಂತ ಮೂರು ಸಲ ಬರೆದೆ. ಮೆಶಿನಿನಲ್ಲಿ 128/80, ಪಕ್ಕದಲ್ಲಿ ಅಮ್ಮ, ಹೆಬ್ಬೆರಳು ಎತ್ತಿ ತೋರಿಸುತ್ತಾ ನಗುತ್ತಿದ್ದಾಳೆ. ಬಲಗೈಯದ್ದು.