ಸ್ಮೋರ್ಸ್: ಎಂಥ ಬೆಂಕಿ, ಯಾವ ಬಿಸ್ಕತ್ತು, ಯಾವ ಚಾಕೊಲೇಟು?

ಅಮೆರಿಕದಲ್ಲಿ ಬೇಸಿಗೆ ಬಂತೆಂದರೆ ನಮ್ಮ ಕನ್ನಡದ ಮನೆಗಳೂ ಟೆಂಟ್ ಕಟ್ಟಿಕೊಂಡು ಸ್ಟೇಟ್ ಪಾರ್ಕುಗಳಿಗೆ ಹೊರಡುತ್ತವೆ. ಬುತ್ತಿಯಲ್ಲಿ ಪುಳಿಯೋಗರೆ ಇರಲಿ, ಮೊಸರನ್ನ ಇರಲಿ, ಕತ್ತಲಾದ ಮೇಲೆ ಮಕ್ಕಳು ಕೇಳುವುದು ಸ್ಮೋರ್ಸ್. ಎರಡು ಬಿಸ್ಕತ್ತು, ನಡುವೆ ಚಾಕೊಲೇಟು, ಅದರ ಮೇಲೆ ಬೆಂಕಿಯಲ್ಲಿ ಸುಟ್ಟ ಮೆತ್ತನೆಯ ಸಕ್ಕರೆ ಮಿಠಾಯಿ, ಮಾರ್ಷ್‌ಮೆಲೋ. ಅಷ್ಟೇ. ನಾವು ಕೆಲವು ಬೇಸಿಗೆಗಳಿಂದ ಸಾಮಾನು ಬದಲಿಸಿ ಬದಲಿಸಿ ಮಾಡಿ ತಿಂದಿದ್ದೇವೆ. ದುಬಾರಿ ಸಾಮಾನು ಹಾಕಿದರೆ ರುಚಿ ಜಾಸ್ತಿ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಇದರ ಹುಟ್ಟು ನೋಡಿದರೆ ಕಾರಣ ಗೊತ್ತಾಗುತ್ತದೆ. ಹಳೆಯ ಪಾಕ ಅಂತ ಹೆಚ್ಚಿನವರು ತೋರಿಸುವುದು 1927ರಲ್ಲಿ ಅಮೆರಿಕದ ಗರ್ಲ್ ಸ್ಕೌಟ್ಸ್ ಹೊರತಂದ ಕೈಪಿಡಿಯನ್ನು. ಎಂಟು ಜನಕ್ಕೆ 16 ಗ್ರಹಾಂ ಕ್ರ್ಯಾಕರ್ ಬಿಸ್ಕತ್ತು, 8 ಸಾದಾ ಚಾಕೊಲೇಟ್ ಬಾರ್, 16 ಮಾರ್ಷ್‌ಮೆಲೋ. ಅಂದರೆ ಒಬ್ಬರಿಗೆ ಒಂದು ಇಡೀ ಬಾರು, ಎರಡು ಮಾರ್ಷ್‌ಮೆಲೋ! ಅಮೆರಿಕದ ಹರ್ಷೀಸ್ ಕಂಪನಿಯ ಹಾಲಿನ ಚಾಕೊಲೇಟ್ ಬಾರು ಬಂದಿದ್ದು 1900ರಲ್ಲಿ. ಮಾರ್ಷ್‌ಮೆಲೋ ಹಿಂದೆ ಅದೇ ಹೆಸರಿನ ಜೌಗು ಗಿಡದ ಬೇರಿನ ಲೋಳೆಯಿಂದ ಫ್ರಾನ್ಸಿನ ಮಿಠಾಯಿಗಾರರು ಕೈಯಲ್ಲಿ ಕಡೆದು ಮಾಡುತ್ತಿದ್ದ ತಿನಿಸು. ಬೇರಿನ ಜಾಗಕ್ಕೆ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆಯುವ ಜೆಲಟಿನ್ ಬಂದು, ಕೆಲಸ ಕಾರ್ಖಾನೆಗೆ ಹೋದ ಮೇಲೆ ಅದೂ ಅಗ್ಗವಾಯಿತು. ಹೀಗೆ ಮೂರೂ ಪೊಟ್ಟಣದಲ್ಲಿ ಸಿಗುವ ಕಾಲಕ್ಕೆ ಹುಟ್ಟಿದ ಸಿಹಿ ಇದು.

ಮೊದಲು ಬೆಂಕಿ. ಮಕ್ಕಳಿಗೆ ಉರಿಯೇ ಬೇಕು. ಮಾರ್ಷ್‌ಮೆಲೋ ಹತ್ತಿಕೊಂಡು ದೀವಟಿಗೆ ಹಾಗೆ ಉರಿದರೆ ಅದೇ ಖುಷಿ. ಆದರೆ ಹೊರಗೆ ಕರಿ, ಒಳಗೆ ತಣ್ಣಗೆ, ನಾಲಿಗೆಗೆ ಮಸಿ. ಕೆಂಡದ ಮೇಲೆ ಒಂದು ಗೇಣು ಎತ್ತರದಲ್ಲಿ ಹಿಡಿದು ನಿಧಾನಕ್ಕೆ ತಿರುಗಿಸಿ ನೋಡಿ. ಮೊದಲು ಉಬ್ಬುತ್ತದೆ, ಆಮೇಲೆ ಮೈಮೇಲೆ ಜೇನಿನ ಬಣ್ಣ ಬರುತ್ತದೆ. ಕೊನೆಗೆ ಕಡ್ಡಿಯ ಮೇಲೆ ಸುಮ್ಮನೆ ಜಾರಲು ಶುರುವಾಗುತ್ತದೆ. ಆಗ ತೆಗೆಯಬೇಕು. 1927ರ ಪಾಕದಲ್ಲೂ ಕೆಂಡದ ಮೇಲೇ ಸುಡಿ ಅಂತಿದೆ. ಇದರಲ್ಲಿ ನನಗೆ ಅನುಮಾನವೇ ಇಲ್ಲ, ಕೆಂಡವೇ ಗೆಲ್ಲುತ್ತದೆ. ಸೌದೆ ಮಾತ್ರ ಮನೆಯಿಂದ ಹೊತ್ತೊಯ್ಯಬೇಡಿ, ಪಾರ್ಕಿನ ಹತ್ತಿರವೇ ಕೊಳ್ಳಿ. 2002ರಲ್ಲಿ ಮಿಷಿಗನ್ನಿನಲ್ಲಿ ಪತ್ತೆಯಾದ ಆಶ್ ಮರ ಕೊರೆಯುವ ಹುಳ ಊರೂರಿಗೆ ಹಬ್ಬಿದ್ದರಲ್ಲಿ ಸೌದೆ ಸಾಗಣೆಯ ಪಾಲೂ ಇದೆ.

ಮನೆಯ ಮೈಕ್ರೊವೇವ್ ಬಗ್ಗೆ ಎರಡೇ ಮಾತು: ಉಬ್ಬುತ್ತದೆ, ಬಣ್ಣ ಬರುವುದಿಲ್ಲ. ಆರಿದರೆ ರಬ್ಬರು.

ನಮ್ಮಂಥ ಸಸ್ಯಾಹಾರಿಗಳಿಗೆ ನಿಜವಾದ ತೊಡಕು ಮಾರ್ಷ್‌ಮೆಲೋ. ಇಲ್ಲಿನ ಮಾಮೂಲಿ ಪೊಟ್ಟಣಗಳಲ್ಲಿರುವ ಜೆಲಟಿನ್ ಹೆಚ್ಚಾಗಿ ಹಂದಿಯದು. ಹಲಾಲ್ ಪೊಟ್ಟಣದಲ್ಲಿ ದನದ್ದು, ಯಹೂದಿಗಳ ಕೋಷರ್‌ನಲ್ಲಿ ಮೀನಿನದೂ ಇರುತ್ತದೆ. ವೀಗನ್ ಪೊಟ್ಟಣ ಹುಡುಕಿದರೆ ಜೆಲಟಿನ್ ಬದಲು ಕಡಲ ಪಾಚಿಯಿಂದ ತೆಗೆದ ಕ್ಯಾರಗೀನನ್ ಸಿಗುತ್ತದೆ. ನಮ್ಮ ಮನೆಯಲ್ಲಿ ಸುಟ್ಟಿದ್ದು ಇದನ್ನೇ. ಪಕ್ಕದ ಟೆಂಟಿನವರ ಜೆಲಟಿನ್ ಮಾರ್ಷ್‌ಮೆಲೋ ಜೊತೆಗೇ ಬೆಂಕಿಗೆ ಹಿಡಿದಾಗ ವ್ಯತ್ಯಾಸ ಕಣ್ಣಿಗೇ ಕಾಣಿಸಿತು. ಜೆಲಟಿನ್ ಮೈ ಬಿಸಿಗೇ ಕರಗುವ ವಸ್ತು, ಹಾಗಾಗಿ ಅವರದು ದುಪ್ಪಟ್ಟು ಉಬ್ಬಿತು, ಎಳೆದರೆ ನೂಲು ಬಂತು. ನಮ್ಮದು ಅಷ್ಟು ಉಬ್ಬಲಿಲ್ಲ. ಸಿಪ್ಪೆ ಬೇಗ ಕೆಂಪಾಯಿತು, ಒಳಗೆ ಗಟ್ಟಿ ಪಾಯಸದ ಹಾಗೆ ಉಳಿಯಿತು. ಇನ್ನೂ ಸ್ವಲ್ಪ ಎತ್ತರಕ್ಕೆ ಹಿಡಿದು, ಇನ್ನೂ ಸ್ವಲ್ಪ ಹೊತ್ತು ಕಾದರೆ ಸರಿಹೋಗುತ್ತದೆ. ಬೆಂಕಿಯ ಮುಂದೆ ಜೆಲಟಿನ್ನೇ ಮೇಲು, ಒಪ್ಪಿಕೊಳ್ಳಲೇಬೇಕು. ಆದರೂ ನಮ್ಮ ಬುಟ್ಟಿಗೆ ಬರುವುದು ಪಾಚಿಯದೇ.

ಇಲ್ಲಿ ಒಂದು ತಮಾಷೆ ಇದೆ. ಗ್ರಹಾಂ ಕ್ರ್ಯಾಕರ್‌ಗೆ ಹೆಸರು ಕೊಟ್ಟ ಸಿಲ್ವೆಸ್ಟರ್ ಗ್ರಹಾಂ ಒಬ್ಬ ಪಾದ್ರಿ. ಮಾಂಸ, ಮದ್ಯ, ಮಸಾಲೆ ಎಲ್ಲ ಬಿಡಿ, ಜರಡಿ ಹಿಡಿಯದ ಗೋಧಿ ಹಿಟ್ಟಿನ ರೊಟ್ಟಿ ತಿನ್ನಿ, ಸಪ್ಪೆ ತಿಂದರೆ ಕಾಮ ತಣ್ಣಗಾಗುತ್ತದೆ ಅಂತ ಊರೂರಲ್ಲಿ ಉಪದೇಶ ಮಾಡಿದವರು. 1851ರಲ್ಲಿ ತೀರಿಕೊಂಡರು. ಇವತ್ತು ಅವರ ಹೆಸರಿನ ಬಿಸ್ಕತ್ತಿನಲ್ಲಿ ಮೈದಾ, ಸಕ್ಕರೆ. ಅದರ ನಡುವೆ ಹಂದಿಯ ಜೆಲಟಿನ್!

ಬಿಸ್ಕತ್ತಿನಲ್ಲಿ ಗ್ರಹಾಂ ಜೊತೆ ಪೈಪೋಟಿಗೆ ಇಟ್ಟಿದ್ದು ಪಾರ್ಲೆ-ಜಿ ಮತ್ತು ಡೈಜೆಸ್ಟಿವ್. ಇಂಡಿಯನ್ ಅಂಗಡಿಯಲ್ಲಿ ಎರಡೂ ಸಿಗುತ್ತವೆ. ಪಾರ್ಲೆ-ಜಿಯ ಹಾಲು ಕಾಸಿದಂಥ ರುಚಿ ಮಾರ್ಷ್‌ಮೆಲೋಗೆ ಚೆನ್ನಾಗಿ ಹೊಂದುತ್ತದೆ. ತೊಂದರೆ ಇರುವುದು ಅಳತೆಯಲ್ಲಿ. ಬಿಸ್ಕತ್ತು ಚಿಕ್ಕದು, ಮೇಲಾಗಿ ಗಟ್ಟಿ. ಕಚ್ಚಿದ ಕೂಡಲೇ ಒಳಗಿನದೆಲ್ಲ ಪಕ್ಕದಿಂದ ಹೊರಬಂದು ಬೆರಳಿಗೆ, ಅಂಗಿಗೆ. ಡೈಜೆಸ್ಟಿವ್‌ನಲ್ಲಿ ಸ್ವಲ್ಪ ಉಪ್ಪಿದೆ, ಗೋಧಿಯ ಘಮ ಇದೆ, ಸಿಹಿ ಹದವಾಗಿ ತಗ್ಗುತ್ತದೆ. ದೊಡ್ಡವರ ನಾಲಿಗೆಗೆ ಅದೇ ಸರಿ. ಗ್ರಹಾಂ ತೆಳ್ಳಗೆ, ಅಗಲ, ಹಲ್ಲು ತಗುಲಿದರೆ ಸಾಕು, ಮುರಿಯುತ್ತದೆ. ರುಚಿಯಲ್ಲಿ ಡೈಜೆಸ್ಟಿವ್, ತಿನ್ನುವ ಅನುಕೂಲದಲ್ಲಿ ಗ್ರಹಾಂ.

ಸ್ಮೋರ್ಸ್ ಕೆಡುವುದು ಮಾತ್ರ ಹೆಚ್ಚಾಗಿ ಚಾಕೊಲೇಟಿನಿಂದ. ಎಲ್ಲರ ಗಮನ ಮಾರ್ಷ್‌ಮೆಲೋ ಮೇಲೆ ಇರುತ್ತದೆ, ಚಾಕೊಲೇಟು ತಾನಾಗೇ ಕರಗುತ್ತದೆ ಅಂದುಕೊಳ್ಳುತ್ತಾರೆ. ಕರಗಲ್ಲ. ಮಾರ್ಷ್‌ಮೆಲೋ ಅಂದರೆ ಮುಕ್ಕಾಲು ಗಾಳಿ. ನಾಲಿಗೆ ಸುಡುವಷ್ಟು ಬಿಸಿ ಇದ್ದರೂ ಅದರಲ್ಲಿ ತೂಕ ಇಲ್ಲ, ಹಾಗಾಗಿ ಕೊಡುವ ಶಾಖವೂ ಕಮ್ಮಿ. 70% ಡಾರ್ಕ್ ಚಾಕೊಲೇಟಿನ ದಪ್ಪ ತುಂಡು ಇಟ್ಟರೆ ಅದು ಕಲ್ಲಿನ ಹಾಗೆ ಕೂತಿರುತ್ತದೆ. ಮೆತ್ತಗಿನ ಮಾರ್ಷ್‌ಮೆಲೋ ನಡುವೆ ಅಷ್ಟು ದುಡ್ಡಿನ ಚಾಕೊಲೇಟನ್ನು ಕಟಂ ಕಟಂ ಅಂತ ಕಡಿಯಬೇಕು. ಹರ್ಷೀಸ್‌ನಲ್ಲಿ ಸಣ್ಣಗೆ ಒಂದು ಹುಳಿ ವಾಸನೆ ಇದೆ, ಬರೀ ತಿನ್ನಲು ನನಗೆ ಹಿಡಿಸುವುದಿಲ್ಲ. ಆದರೆ ಬಾರು ತೆಳ್ಳಗಿದೆ, ಹಾಲಿನ ಕೊಬ್ಬು ಇರುವುದರಿಂದ ಬೇಗ ಮೆತ್ತಗಾಗುತ್ತದೆ. ಆ ಹುಳಿಯೇ ಇಲ್ಲಿ ಸಕ್ಕರೆಯ ಜಿಡ್ಡನ್ನು ಒಂಚೂರು ಕತ್ತರಿಸುತ್ತದೆ. ಡಾರ್ಕೇ ಬೇಕು ಅನ್ನುವವರು ತೆಳ್ಳನೆ ಬಾರು ಹುಡುಕಲಿ.

ಯಾವುದೇ ಆಗಲಿ, ಚಾಕೊಲೇಟಿಟ್ಟ ಬಿಸ್ಕತ್ತನ್ನು ಬೆಂಕಿ ಗುಂಡಿಯ ಅಂಚಿನ ಕಲ್ಲಿನ ಮೇಲೆ ಮೊದಲೇ ಇಟ್ಟುಬಿಡಿ. ಕೋಕೋ ಬೆಣ್ಣೆ ಕರಗಲು ಸುಮಾರು 34 ಡಿಗ್ರಿ ಸೆಲ್ಸಿಯಸ್ ಸಾಕು. ತುಂಡಿನ ಮೂಲೆಗಳು ಹೊಳೆಯಲು ಶುರುವಾದಾಗ ಮಾರ್ಷ್‌ಮೆಲೋ ಇಳಿಸಿ, ಮೇಲೆ ಇನ್ನೊಂದು ಬಿಸ್ಕತ್ತು ಒತ್ತಿ ಕಡ್ಡಿ ಎಳೆದುಕೊಳ್ಳಿ. ನನ್ನ ಜೋಡಿ ಡೈಜೆಸ್ಟಿವ್ ಮತ್ತು ಹರ್ಷೀಸ್. ನಮ್ಮ ಮನೆಯವರು ಇನ್ನೂ ಪಾರ್ಲೆ-ಜಿ ಪರ, ಅರ್ಧ ಮಾರ್ಷ್‌ಮೆಲೋ ಹಾಕಿದರೆ ಚೆಲ್ಲುವುದಿಲ್ಲ ಅನ್ನುವುದು ಅವರ ವಾದ. ಅದೂ ನಿಜವೇ, ಆದರೆ ಅರ್ಧಕ್ಕೆ ಮಕ್ಕಳು ಒಪ್ಪಬೇಕಲ್ಲ!