ವಿಂಡೋಸ್‌ನಲ್ಲಿ ಎಚ್‌ಡಿಎಫ್5 ಬಿಲ್ಡ್: ಮೂರು ದಾರಿ, ಮೂರು ಬಗೆಯ ತಲೆನೋವು

ಎಚ್‌ಡಿಎಫ್5 ಎಂದರೆ ದೊಡ್ಡ ವೈಜ್ಞಾನಿಕ ದತ್ತಾಂಶ ಇಡುವ ಕಡತ ಸ್ವರೂಪ, ಅದನ್ನು ಓದಿ ಬರೆಯುವ ಲೈಬ್ರರಿಯ ಹೆಸರೂ ಅದೇ. ಮಂಡ್ಯ–ಮೈಸೂರು ಕಡೆಯ ಮಳೆ ದತ್ತಾಂಶವನ್ನು ಪೈಥಾನ್‌ನಲ್ಲಿ ಓದಿದರೆ ಸಾಕು ಅನ್ನುವವರು ಸೋರ್ಸ್‌ನ ಗೋಜಿಗೇ ಹೋಗಬೇಡಿ. ಪಿಪ್‌ನಲ್ಲಿ ಎಚ್‌5ಪೈ (ಎಚ್‌ಡಿಎಫ್5 ಓದುವ ಪೈಥಾನ್ ಪ್ಯಾಕೇಜ್) ಹಾಕಿಕೊಂಡರೆ ಮುಗಿಯಿತು. ಸಿ, ಸಿ++ ಅಥವಾ ಫೋರ್ಟ್ರಾನ್ ಪ್ರೋಗ್ರಾಂಗೆ ಲಿಂಕ್ ಮಾಡಬೇಕಾದವರಿಗೆ ಈ ಮೂರು ದಾರಿಗಳ ಹೋಲಿಕೆ: ವಿಷುಯಲ್ ಸ್ಟುಡಿಯೋ–ಸಿಮೇಕ್, ವಿಸಿಪಿಕೆಜಿ (ಮೈಕ್ರೋಸಾಫ್ಟ್‌ನ ಪ್ಯಾಕೇಜ್ ಮ್ಯಾನೇಜರ್), ಎಂಎಸ್‌ವೈಎಸ್2 (ಲಿನಕ್ಸ್ ಬಗೆಯ ಕಂಪೈಲರ್, ಸಾಧನಗಳನ್ನು ವಿಂಡೋಸ್‌ಗೆ ತರುವ ಪರಿಸರ).

ವಿಷುಯಲ್ ಸ್ಟುಡಿಯೋ 2022 ಮತ್ತು ಸಿಮೇಕ್ (ಬಿಲ್ಡ್ ಸಿದ್ಧಪಡಿಸುವ ಸಾಧನ) ಜೋಡಿಯಲ್ಲಿ ಪ್ರತಿ ಆಯ್ಕೆಯೂ ನಮ್ಮ ಕೈಯಲ್ಲೇ. ಹಾಗಾಗಿ ಎಡವುವುದೂ ಇಲ್ಲೇ ಹೆಚ್ಚು. ಜೆಡ್‌ಲಿಬ್ (ಸಂಕುಚನ ಲೈಬ್ರರಿ) ಆಯ್ಕೆ ಆಫ್ ಆಗಿದ್ದರೂ ಬಿಲ್ಡ್ ಸಲೀಸಾಗಿ ಮುಗಿಯುತ್ತದೆ. ಸಂಕುಚಿತ ಕಡತ ತೆರೆದಾಗಲೇ 'ಡಿಫ್ಲೇಟ್' (ಜೆಡ್‌ಲಿಬ್‌ನ ಸಂಕುಚನ ವಿಧಾನ) ಫಿಲ್ಟರ್ ನೋಂದಣಿಯಾಗಿಲ್ಲ ಎಂಬ ದೂರು ಬರುವುದು. ಬಿಲ್ಡ್ ಆದ ಕೂಡಲೇ ಲಿಬ್‌ಎಚ್‌ಡಿಎಫ್5.ಸೆಟ್ಟಿಂಗ್ಸ್ ಕಡತ ತೆರೆದು, ಫಿಲ್ಟರ್‌ಗಳ ಸಾಲಿನಲ್ಲಿ ಡಿಫ್ಲೇಟ್ ಇದೆಯೇ ನೋಡಿ.

ಇನ್ನೊಂದು ಪೇಚು ಡಿಎಲ್‌ಎಲ್‌ನದು, ಅಂದರೆ ಪ್ರೋಗ್ರಾಂ ಓಡುವಾಗ ಸೇರಿಕೊಳ್ಳುವ ಲೈಬ್ರರಿ ಕಡತದ್ದು. ಫಂಕ್ಷನ್‌ಗಳೆಲ್ಲ ಲಿಂಕ್ ಆಗಿ, ಎಚ್‌5ಟಿ_ನೇಟಿವ್_ಇಂಟ್ ಥರದವು ಮಾತ್ರ ಸಿಗುತ್ತಿಲ್ಲ ಎಂದು ಲಿಂಕರ್ ಹಟ ಹಿಡಿದರೆ, ನಿಮ್ಮ ಪ್ರಾಜೆಕ್ಟ್‌ನಲ್ಲಿ ಎಚ್‌5_ಬಿಲ್ಟ್_ಆಸ್_ಡೈನಾಮಿಕ್_ಲಿಬ್ ಡಿಫೈನ್ ಬಿಟ್ಟುಹೋಗಿದೆ. ಅವು ಫಂಕ್ಷನ್ ಅಲ್ಲ, ಡಿಎಲ್‌ಎಲ್‌ನೊಳಗಿನ ಚರಾಂಶಗಳು. ಆಮದು ಎಂದು ಘೋಷಿಸದೆ ಕೈಗೆ ಸಿಗವು. ಬಿಲ್ಡ್ ಆಜ್ಞೆಗೆ ಕಾನ್ಫಿಗ್ ರಿಲೀಸ್ ಸೇರಿಸುವುದನ್ನೂ ಮರೆಯಬೇಡಿ. ಮರೆತರೆ ಬರುವುದು ಡೀಬಗ್ ಲೈಬ್ರರಿ, ಹೆಸರಿನ ಕೊನೆಗೆ '_ಡಿ' ಅಂಟಿಸಿಕೊಂಡು.

ವಿಸಿಪಿಕೆಜಿ ಕೂಡ ಸೋರ್ಸ್‌ನಿಂದಲೇ ಕಟ್ಟುತ್ತದೆ, ಆದರೆ ಒಂದೇ ಆಜ್ಞೆ. ಜೆಡ್‌ಲಿಬ್ ತಾನಾಗಿ ಬರುತ್ತದೆ. ಡೀಬಗ್, ರಿಲೀಸ್ ಎರಡನ್ನೂ ಕಟ್ಟುವುದರಿಂದ ಹಳೆಯ ಲ್ಯಾಬ್ ಯಂತ್ರಗಳಲ್ಲಿ ಕಾಯಬೇಕು. ಟ್ರಿಪ್ಲೆಟ್ ಕಡತದಲ್ಲಿ (ಯಾವ ವೇದಿಕೆಗೆ ಹೇಗೆ ಕಟ್ಟಬೇಕೆಂದು ಹೇಳುವ ಕಡತ) ಬಿಲ್ಡ್ ಟೈಪ್ ರಿಲೀಸ್ ಎಂದು ಬರೆದರೆ ಆ ಅರ್ಧ ಕೆಲಸ ತಪ್ಪುತ್ತದೆ. ಸಿ ಡ್ರೈವ್‌ನಲ್ಲೇ ಗಿಡ್ಡ ಹೆಸರಿನ ಫೋಲ್ಡರ್ ಇರಲಿ. 260 ಅಕ್ಷರಗಳ ಪಾತ್ ಮಿತಿ ಇನ್ನೂ ಕಾಡುತ್ತದೆ. ಸಿ++ನವರಿಗೆ ಇದೇ ಸಾಕು, ಮೊದಲನೆಯ ದಾರಿ ಹಿಡಿಯಲು ಗಟ್ಟಿ ಕಾರಣ ಬೇಕು.

ಫೋರ್ಟ್ರಾನ್ ಇದ್ದರೆ ಲೆಕ್ಕ ಬೇರೆ. ಮೈಕ್ರೋಸಾಫ್ಟ್ ಫೋರ್ಟ್ರಾನ್ ಕಂಪೈಲರ್ ಕೊಡುವುದಿಲ್ಲ. ಎಂಎಸ್‌ವೈಎಸ್2ನಲ್ಲಿ ಜಿಫೋರ್ಟ್ರಾನ್ ಸಿಗುತ್ತದೆ. ನೇರ ವಿಂಡೋಸ್ ಪ್ರೋಗ್ರಾಂ ಕಟ್ಟುವ ಅದರ ಯುಸಿಆರ್‌ಟಿ64 ಶೆಲ್ ತೆರೆದೇ ಕಟ್ಟಿ. ಬರೀ ಎಂಎಸ್‌ವೈಎಸ್ ಶೆಲ್‌ನಲ್ಲಿ ಕಟ್ಟಿದ್ದು ಅದರ ಡಿಎಲ್‌ಎಲ್‌ಗೆ ಜೋತುಬೀಳುತ್ತದೆ. ಇಲ್ಲಿ ಹುಟ್ಟಿದ ಸಿ++ ಲೈಬ್ರರಿ ವಿಷುಯಲ್ ಸ್ಟುಡಿಯೋ ಜೊತೆ ಕೂಡದು.

ಯಾವ ದಾರಿಯಾದರೂ ಪರೀಕ್ಷೆ ಒಂದೇ. ಹವಾಮಾನ ಇಲಾಖೆಯ 0.25 ಡಿಗ್ರಿ ಮಳೆ ಗ್ರಿಡ್ 6.5 ಉತ್ತರ, 66.5 ಪೂರ್ವದಿಂದ ಶುರು. ಮೈಸೂರಿಗೆ ಹತ್ತಿರದ ಬಿಂದು 12.25, 76.75, ಸೊನ್ನೆಯಿಂದ ಎಣಿಸಿದರೆ 23 ಮತ್ತು 41. ಅದರ ಸಂಕುಚಿತ ನೆಟ್‌ಸಿಡಿಎಫ್-4 (ಎಚ್‌ಡಿಎಫ್5 ಮೇಲೆಯೇ ಕಟ್ಟಿದ ಸ್ವರೂಪ) ಪ್ರತಿಯಲ್ಲಿ, ಕಾಲ–ಅಕ್ಷಾಂಶ–ರೇಖಾಂಶ ಕ್ರಮವಿದ್ದರೆ, ಕಡತದ ಒಳಗನ್ನು ತೋರಿಸುವ ಎಚ್‌5ಡಂಪ್‌ಗೆ ಆರಂಭ 0,23,41, ಎಣಿಕೆ 1,1,1 ಕೊಡಿ. ಜನವರಿ 1ರ ಮಳೆ ಒಂದೇ ಸಂಖ್ಯೆಯಾಗಿ ಬರಬೇಕು.